ಮೊಲದ ಮನೆಯ ಮೂಗು

"ಕೊಳೆತ ಮೀನು ಮೂಸಿದ ಹಾಗೆ ಮುಖ ಮಾಡು," ಎಂದರು ಡಾಕ್ಟರಮ್ಮ ನಿಹಾಲ್.

ಸಬ್ರಿ ಮೂಗನ್ನು ಮೇಲಕ್ಕೆಳೆದ. ಮೂಗಿನ ಎರಡೂ ಪಕ್ಕದಲ್ಲಿ ಮೂರು ಮೂರು ಗೆರೆಗಳು ಎದ್ದು ಕಣ್ಣಿನ ಕಡೆಗೆ ಓಡಿದವು. ಡಾಕ್ಟರು ಕನ್ನಡಕದ ಮೇಲಿನಿಂದ ನೋಡಿ, ಬಿಳಿ ಪೆನ್ಸಿಲಿನಲ್ಲಿ ಆ ಕಡೆಗೊಂದು ಈ ಕಡೆಗೊಂದು ಚುಕ್ಕೆ ಇಟ್ಟರು. ಹೊರಗೆ ಕಾಯುವ ಕೋಣೆಯಲ್ಲಿ ನಾಲ್ಕೈದು ಹೆಂಗಸರಿದ್ದರು. ಅಂಗಿಯ ಹೊಲಿಗೆಯಲ್ಲೆಲ್ಲ ಹಿಟ್ಟು ಕೂತ ಈ ದಾಂಡಿಗ ತಮ್ಮ ನಡುವೆ ಯಾಕೆ ಬಂದನೋ ತಿಳಿಯದೆ ಒಬ್ಬರನ್ನೊಬ್ಬರು ತಿವಿದುಕೊಂಡು ನಕ್ಕಿದ್ದರು. ಅವನು ತಲೆ ಎತ್ತದೆ ನೆಲ ನೋಡುತ್ತ ಕೂತಿದ್ದ.

"ಮದುವೆ ಗೊತ್ತಾಗಿದೆಯಾ?"

"ಹೂಂ," ಎಂದ ಸಬ್ರಿ. ಸುಳ್ಳು ಹೇಳುವುದು ಅವನಿಗೆ ಉಸಿರಾಡಿದಷ್ಟು ಸಲೀಸಾಗಿ ಹೋಗಿತ್ತು. ಸಬ್ರಿ ಎಂಬ ಹೆಸರೇ ಸುಳ್ಳು.

"ಹುಡುಗಿ ಗೆರೆ ನೋಡಿ ಬೇಡ ಅಂದಿದ್ರೆ ಅವಳನ್ನೇ ಬಿಡು. ಇದೇನು ರೋಗ ಅಲ್ಲ. ಏನೂ ಮಾಡದೆ ಸುಮ್ಮನಿರೋದೂ ಒಂದು ದಾರಿ."

"ಅದೊಂದು ಬಿಟ್ಟು ಬೇರೆ ಹೇಳಿ."

ಡಾಕ್ಟರು ಕುರ್ಚಿ ಎಳೆದುಕೊಂಡು ಎದುರಿಗೆ ಕೂತರು. "ಕ್ರೀಮು ಮಾರೋರು ಬೀದಿಗೊಬ್ಬರಿದ್ದಾರೆ. ಹಚ್ಚಿದ್ರೆ ಕೈಗೆ ಘಮ, ಅಷ್ಟೇ. ಲೇಸರ್ ಚರ್ಮನ ನಯ ಮಾಡುತ್ತೆ. ಆದರೆ ನಿನ್ನ ಚರ್ಮದ್ದೇನು ತಪ್ಪಿದೆ ಹೇಳು? ಒಳಗಿರೋ ಸ್ನಾಯು ಎಳೆಯುತ್ತೆ, ಮೇಲಿರೋ ಚರ್ಮ ಮಡಿಸ್ಕೊಳ್ಳುತ್ತೆ. ಗೆರೆಯೊಳಗೆ ಜೆಲ್ ತುಂಬೋರೂ ಇದ್ದಾರೆ. ಮೂಗಿನ ಮೇಲೆ ನಾನದನ್ನ ಮಾಡಲ್ಲ. ರಕ್ತನಾಳ ಕಟ್ಟಿಕೊಂಡ್ರೆ ಮೂಗು ಕಪ್ಪಾಗಿ ಸಾಯುತ್ತೆ, ಕಣ್ಣೂ ಹೋಗಬಹುದು. ಇನ್ನುಳಿದಿದ್ದು ಸೂಜಿ. ಅದು ಸ್ನಾಯುನ ಮಲಗಿಸುತ್ತೆ. ಮೂರು ನಾಲ್ಕು ತಿಂಗಳು ಮಲಗಿರುತ್ತೆ, ಆಮೇಲೆ ತಾನಾಗೇ ಏಳುತ್ತೆ."

"ಮತ್ತೆ ಏಳದ ಹಾಗೆ ಕತ್ತರಿಸಿ ಹಾಕೋಕಾಗಲ್ವಾ?"

"ಕತ್ತರಿಸಿದ್ರೆ ಜೊತೆಗೆ ತುಟಿನೂ ಬಿದ್ದುಹೋಗುತ್ತೆ. ನಾನು ಕಸಾಯಿ ಅಲ್ಲಪ್ಪ."

"ಹಾಗಾದ್ರೆ ಸೂಜಿನೇ ಹಾಕಿ. ನಗುವಾಗ ಗೆರೆ ಬೀಳಬಾರದು. ಅಷ್ಟಾದ್ರೆ ಸಾಕು."

"ನಗು, ಯಾರು ಬೇಡ ಅಂದ್ರು? ಬಾಯಿ ನಗುತ್ತೆ, ಮೂಗು ನಗಲ್ಲ. ಪೂರ್ತಿ ಮಲಗೋಕೆ ಒಂದು ವಾರ ಬೇಕು. ಅಲ್ಲಿತನಕ ತಿಕ್ಕಬೇಡ." ಸೂಜಿ ಚುಕ್ಕೆಯ ಮೇಲೆ ಇಳಿಯಿತು. ಅವನ ಕಣ್ಣಲ್ಲಿ ನೀರು ಬಂತು. ಅದು ನೋವಿಗಲ್ಲ, ಮೂಗಿಗೆ ಚುಚ್ಚಿದರೆ ಎಂಥವನಿಗೂ ಬರುತ್ತದೆ.

ಅವನ ನಿಜವಾದ ಹೆಸರು ರಶ್ವಾನ್. ನೈಲ್ ನದಿಯ ಮೇಲ್ಸೀಮೆಯಲ್ಲಿ, ಸೊಹಾಗ್ ಕಡೆಯ ಒಂದು ಹಳ್ಳಿಯವನು. ಆ ಸೀಮೆಯವರನ್ನು ಸಯೀದಿಗಳು ಎನ್ನುತ್ತಾರೆ. ಅಲೆಕ್ಸಾಂಡ್ರಿಯಾ, ಕೈರೋದ ಜನ ಹೊತ್ತು ಹೋಗದಿದ್ದರೆ ಅವರ ಮೇಲೆ ಜೋಕು ಕಟ್ಟುತ್ತಾರೆ. ಊರಲ್ಲಿ ರಶ್ವಾನನ ವಂಶಕ್ಕೆ ಮೊಲದ ಮನೆ ಎಂದೇ ಹೆಸರು. ಮುತ್ತಜ್ಜನ ಕಾಲದಿಂದಲೂ ಆ ಮನೆಯವರು ನಕ್ಕರೆ ಮೂಗಿನ ಮೇಲೆ ಮೂರು ಗೆರೆ ಬೀಳುತ್ತದೆ, ಅತ್ತರೂ ಅದೇ ಗೆರೆ. ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳಲ್ಲೇ ಕೊಟ್ಟು ತರುತ್ತ ಬಂದದ್ದರಿಂದ ಹೆಂಗಸರಿಗೂ ಅದೇ ಮೂಗು. ಅವನ ಅವ್ವ ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಬೇಕಾದರೆ ಹತ್ತಿರ ಹೋಗಿ ಕಣ್ಣು ನೋಡಬೇಕಿತ್ತು.

ಆ ಮೂಗೇ ಅವನ ಪ್ರಾಣಕ್ಕೆ ಮುಳುವಾಯಿತು. ಒಂದು ಹಬ್ಬದ ಬೆಳಗ್ಗೆ, ನೆರೆಮನೆಯ ಜಾಬಿರ್ ಹೊಸ ಬಿಳಿ ನಿಲುವಂಗಿ ತೊಟ್ಟು ಕಾಲುವೆಯ ಹಲಗೆ ದಾಟುವಾಗ ಜಾರಿ ನೀರಿಗೆ ಬಿದ್ದ. ಎದ್ದಾಗ ಅಂಗಿಯೆಲ್ಲ ಕೆಸರು, ಒಂದು ಚಪ್ಪಲಿ ತೇಲಿಕೊಂಡು ಹೋಗುತ್ತಿತ್ತು. ದಂಡೆಯ ಮೇಲಿದ್ದ ರಶ್ವಾನ್ ಬಿದ್ದು ಬಿದ್ದು ನಕ್ಕ. ಜನ ಸೇರಿದರು. ಜಾಬಿರ್ ಮೇಲೆ ಬಂದು ಅವನ ಕೆನ್ನೆಗೆ ಬಾರಿಸಿ ಕುತ್ತಿಗೆಗೆ ಕೈ ಹಾಕಿದ. ಇಬ್ಬರ ವಯಸ್ಸೂ ಇಪ್ಪತ್ತು. ಎರಡು ಏಟು ಕೊಟ್ಟು ಎರಡು ಏಟು ತಿಂದು ಸಂಜೆಗೆ ಮರೆಯುವಂಥ ಜಗಳ. ಆದರೆ ರಶ್ವಾನನ ಚಿಕ್ಕಪ್ಪ ಹಬ್ಬಕ್ಕೆ ಗಾಳಿಯಲ್ಲಿ ಹಾರಿಸಲೆಂದು ತಂದ ಬಂದೂಕು ಎತ್ತಿದ. ಗುಂಡು ಜಾಬಿರನ ಗಂಟಲು ಹರಿದುಕೊಂಡು ಹೋಯಿತು. ರಶ್ವಾನನ ಬಾಯಿ ಇನ್ನೂ ತೆರೆದೇ ಇತ್ತು. ಜಾಬಿರನ ಬಿಸಿ ರಕ್ತ ಅವನ ಹಲ್ಲಿನ ಮೇಲೆ, ನಾಲಿಗೆಯ ಮೇಲೆ ಬಿತ್ತು.

ಮೊಲದ ಮನೆಯವರು ಸ್ಥಿತಿವಂತರು. ತಾನೇ ಹೊಡೆದೆನೆಂದು ಒಬ್ಬ ಬಡ ಆಳಿನಿಂದ ಹೇಳಿಸಿ ಅವನನ್ನು ಜೈಲಿಗೆ ಕಳಿಸಿದರು. ಚಿಕ್ಕಪ್ಪ ಎರಡು ವರ್ಷಕ್ಕೆ ಜ್ವರ ಬಂದು ತನ್ನ ಹಾಸಿಗೆಯಲ್ಲೇ ಸತ್ತ. ಜಾಬಿರನ ತಾಯಿ ವಹೀಬಾ ಮಗನನ್ನು ಹೂಳಿಸಿದಳೇ ಹೊರತು ಸಂತಾಪ ಸ್ವೀಕರಿಸಲಿಲ್ಲ. ಮನೆ ಮುಂದೆ ಚಪ್ಪರ ಏಳಲಿಲ್ಲ, ಬಂದವರಿಗೆ ಕಹಿ ಕಾಫಿ ಹಂಚಲಿಲ್ಲ. ರಕ್ತಕ್ಕೆ ರಕ್ತ ಬೀಳುವ ತನಕ ಆ ಸೀಮೆಯಲ್ಲಿ ಸಾವು ಮುಗಿಯುವುದಿಲ್ಲ. "ಬಂದೂಕು ಹಿಡದಾಂವ ಬರೇ ಕೈ. ನನ್ನ ಮಗನ್ನ ಕೊಂದಿದ್ದು ಆ ನಗು," ಎಂದು ಅವಳು ಬಾಗಿಲಲ್ಲಿ ನಿಂತು ಊರಿಗೇ ಕೇಳುವಂತೆ ಹೇಳಿದಳು. ಆಗ ಅವಳ ಕಿರಿಮಗ ಹಿಂದಾವಿಗೆ ಹಲ್ಲು ಬಿದ್ದು ಮೂಡುವ ವಯಸ್ಸು. ಅವನಿಗೆ ಅನ್ನದ ಜೊತೆಗೆ ಆ ಮೂಗಿನ ಕಥೆಯನ್ನೂ ಉಣಿಸಿ ಬೆಳೆಸಿದಳು.

ರಶ್ವಾನ್ ಗುಂಡು ಹಾರಿದ ರಾತ್ರಿಯೇ ಓಡಿದವನು. ಕೈರೋದಲ್ಲಿದ್ದ, ಸುಯೆಜ್‌ನಲ್ಲಿದ್ದ. ಈಗ ಅಲೆಕ್ಸಾಂಡ್ರಿಯಾದ ಬಂದರಿನ ಕೇರಿಯಲ್ಲಿ ರೊಟ್ಟಿ ಭಟ್ಟಿಯ ಆಳು. ಇಲ್ಲಿಂದಾಚೆಗೆ ಓಡಲು ಸಮುದ್ರ ಬಿಟ್ಟರೆ ಏನೂ ಇಲ್ಲ. ನಾಲಿಗೆಯಿಂದ ಊರಿನ ಮಾತು ತೊಳೆದುಹಾಕಿ ಇಲ್ಲಿಯವರಂತೆ ಆಡಲು ಕಲಿತ. ಊರಿನದೆಂದು ಉಳಿದದ್ದು ಒಂದೇ, ಅವ್ವ ನೂಲು ತೆಗೆದು ನೇಯಿಸಿ ಅಂಚಿಗೆ ಕೆಂಪು ದಾರ ಹೊಲಿದ ಉಣ್ಣೆಯ ಶಾಲು. ಅದನ್ನು ಅಂಗಿಯೊಳಗೆ ಸೊಂಟಕ್ಕೆ ಸುತ್ತಿಕೊಳ್ಳುತ್ತಿದ್ದ. ಕೇಳಿದವರಿಗೆ ಬೆನ್ನುನೋವು ಎನ್ನುತ್ತಿದ್ದ.

ಸೂಜಿ ಹಾಕಿಸುವ ಹಿಂದಿನ ವಾರ ಕಬ್ಬಿನ ಹಾಲು ಮಾರುವವನು ಒಂದು ಸುದ್ದಿ ಹೇಳಿದ್ದ. ಯಾರೋ ಒಬ್ಬ ಎಳೆಯ ಸಯೀದಿ ಚಹಾದಂಗಡಿಯಿಂದ ಚಹಾದಂಗಡಿಗೆ ಹೋಗಿ ಸಯೀದಿಗಳ ಮೇಲಿನ ಜೋಕು ಹೇಳುತ್ತಿದ್ದಾನಂತೆ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಾರಂತೆ. "ಅವನು ಮಾತ್ರ ನಗಲ್ಲ ಮಾರಾಯ. ಸುಮ್ಮನೆ ಎಲ್ಲರ ಮುಖ ನೋಡ್ತಾನೆ." ಅದನ್ನು ಕೇಳಿ ರಶ್ವಾನ್ ಕೈಯಲ್ಲಿದ್ದ ಲೋಟವನ್ನು ಅರ್ಧಕ್ಕೇ ಕೆಳಗಿಟ್ಟ. ತನ್ನ ಜನವನ್ನು ಹೀಗಳೆದು ಪರರನ್ನು ನಗಿಸುವ ಸಯೀದಿ ಭೂಮಿಯ ಮೇಲೆ ಹುಟ್ಟಿಲ್ಲ. ಅವನು ನಗು ಹಂಚಲು ಬಂದವನಲ್ಲ, ಮೂಗು ಹುಡುಕಲು ಬಂದವನು.

ಸೂಜಿ ಹಾಕಿಸಿಕೊಂಡು ಹತ್ತು ಹನ್ನೆರಡು ದಿನಗಳಾಗಿದ್ದವು. ಭಟ್ಟಿಯ ಮೊದಲ ಪಾಳಿ ಮುಗಿಸಿ ರಶ್ವಾನ್ ಮತ್ತು ಅರಬಿ ಎದುರಿನ ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದರು. ಅರಬಿ ಭಟ್ಟಿಯ ಬಾಯಲ್ಲಿ ನಿಂತು ರೊಟ್ಟಿ ತೆಗೆಯುವವನು, ಇದೇ ಕೇರಿಯ ಮೀನುಗಾರನ ಮಗ. ಬಾಯಿ ತೆರೆದರೆ ತಮಾಷೆ. ಸತ್ತವರ ಮನೆಗೆ ಹೋದರೂ ಯಾರನ್ನಾದರೂ ನಗಿಸಿಯೇ ಬರುವ ಆಸಾಮಿ. ಆಗ ಆ ಹುಡುಗ ಒಳಗೆ ಬಂದ. ತೆಳ್ಳಗಿನ ಮೈ, ಮೀಸೆ ಇನ್ನೂ ಸರಿಯಾಗಿ ಕೂಡಿರಲಿಲ್ಲ. ಒಂದು ಕುರ್ಚಿ ಎಳೆದುಕೊಂಡು, ಯಾರೂ ಕೇಳದಿದ್ದರೂ ಶುರು ಮಾಡಿದ.

"ಸಯೀದಿ ಒಬ್ಬ ರೈಲು ಹತ್ತಿದ್ನಂತ. ಟಿಕೇಟ್ ನೋಡಾಂವ ಬಂದು, ‘ನೀ ತಪ್ಪು ರೈಲು ಹತ್ತೀಯಪ್ಪ, ಇದು ಅಲೆಕ್ಸಾಂಡ್ರಿಯಾಕ್ಕ ಹೊಂಟೈತಿ’ ಅಂದ್ನಂತ. ಅದಕ್ಕ ಇಂವ, ‘ನನಗ್ಯಾಕ ಹೇಳ್ತೀ, ರೈಲು ಓಡಸಾಂವಗ ಹೋಗಿ ಹೇಳು’ ಅಂದ್ನಂತ."

ಅಂಗಡಿಯೇ ನಕ್ಕಿತು. ರಶ್ವಾನನೂ ನಕ್ಕ, ಹಲ್ಲು ಕಾಣುವಂತೆ, ಬೇಕೆಂದೇ ಮುಖವನ್ನು ಬೆಳಕಿಗೆ ಹಿಡಿದು. ಹುಡುಗನ ಕಣ್ಣು ಅವನ ಮೂಗಿನ ಮೇಲೆ ಬಂದು, ನಿಂತು, ದಾಟಿಹೋಯಿತು. ರಶ್ವಾನ್ ಲೋಟ ಎತ್ತಿ ಒಂದು ಗುಟುಕು ಕುಡಿದ. ಬದುಕಿದೆ ಎಂದುಕೊಂಡ. ಮರುಗಳಿಗೆಯಲ್ಲೇ ಆ ಕಣ್ಣು ಅರಬಿಯ ಮೇಲೆ ನಿಂತದ್ದನ್ನು ನೋಡಿದ. ಅರಬಿ ಕಣ್ಣು ಮುಚ್ಚಿ, ಮೂಗು ಸುಕ್ಕಿಸಿ ನಗುತ್ತಿದ್ದ. ಗೆರೆಗಳು ಎದ್ದಿದ್ದವು. ಆ ಗೆರೆ ಏನು ಮೊಲದ ಮನೆಯವರ ಆಸ್ತಿಯೇ, ಜೋರಾಗಿ ನಕ್ಕರೆ ಯಾರಿಗಾದರೂ ಬೀಳುತ್ತದೆ.

"ಅಣ್ಣಾ, ನೀ ಯಾವ ಊರಾಂವ?" ಎಂದ ಹುಡುಗ.

ಅರಬಿಗೆ ಅಷ್ಟು ಸಿಕ್ಕಿದರೆ ಸಾಕಾಗಿತ್ತು. ಮೀಸೆ ತಿರುವಿ, ಎದೆಯುಬ್ಬಿಸಿ, "ನಾನೂ ನಿಮ್ಮ ಕಡೀಯಾಂವನ ಅದೀನಿ ತಮ್ಮಾ. ಸೊಹಾಗ್. ಖೂನಿ ಮಾಡಿ ಓಡಿ ಬಂದೀನಿ, ಯಾರಿಗೂ ಹೇಳಬ್ಯಾಡ," ಎಂದ. ಸಯೀದಿಯ ಮಾತನ್ನು ಅಣಕಿಸಲು ಬಾರದ ಅಲೆಕ್ಸಾಂಡ್ರಿಯಾದವನು ಯಾರಿದ್ದಾನೆ? ಮತ್ತೆ ಎಲ್ಲರೂ ನಕ್ಕರು. ಹುಡುಗ ನಗಲಿಲ್ಲ. ಅರಬಿಯ ಚಹಾದ ದುಡ್ಡನ್ನೂ ತಾನೇ ಕೊಟ್ಟು ಎದ್ದುಹೋದ.

ಆ ಸಂಜೆ ರಶ್ವಾನ್ ಹೇಳಬಹುದಿತ್ತು. ಅರಬಿ ರೊಟ್ಟಿ ಲೆಕ್ಕ ಮಾಡುವಾಗ, ಕೈ ತೊಳೆಯುವಾಗ, ಮನೆಗೆ ಹೊರಟಾಗ, ಮೂರು ಸಲ ಬಾಯಿ ತೆರೆದ. ಹೇಳಿದರೆ ತಾನು ಯಾರೆಂದೂ ಹೇಳಬೇಕು. ಅರಬಿಯ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ. ಸುಮ್ಮನೆ ಮಲಗಿದ.

ಮರುದಿನ ಶುಕ್ರವಾರ. ಮಧ್ಯಾಹ್ನದ ಪ್ರಾರ್ಥನೆಗೆ ಕೇರಿಯೆಲ್ಲ ಖಾಲಿ. ಪ್ರಾರ್ಥನೆ ತಪ್ಪಿಸಲು ದಾರಿ ಹುಡುಕುವ ಅರಬಿ ಹಿಂದಿನ ಅಂಗಳದಲ್ಲಿ ಬೂದಿ ತೆಗೆಯುತ್ತಿದ್ದ. ರಶ್ವಾನ್ ಪಕ್ಕದ ಉಗ್ರಾಣದಲ್ಲಿ ಹಿಟ್ಟಿನ ಮೂಟೆಗಳ ನಡುವೆ ಕೂತಿದ್ದ. ಮೊದಲು ಸಲಿಕೆ ಬಿದ್ದ ಸದ್ದು. ಆಮೇಲೆ ತಲೆ ಗೋಡೆಗೆ ಬಡಿದ ಸದ್ದು.

"ನಗಲೇ. ಅಲ್ಲಿ ನಕ್ಕಿ, ಇಲ್ಲೂ ನಗು."

"ಯಾರಪ್ಪಾ ನೀನು? ನಾನೇನು ಮಾಡಿದ್ದೀನಿ?"

ಏಟು ಬಿತ್ತು. ಹಸಿ ಕಟ್ಟಿಗೆ ಮುರಿದಂಥ ಸದ್ದು. ರಶ್ವಾನ್ ಬಾಗಿಲ ಸಂದಿನಿಂದ ನೋಡಿದ. ಅರಬಿಯ ಮೂಗು ಒಂದು ಪಕ್ಕಕ್ಕೆ ವಾಲಿತ್ತು, ಬಾಯಿಯಿಂದ ಎದೆಯವರೆಗೆ ರಕ್ತ. ಚಹಾದಂಗಡಿಯ ಆ ಹುಡುಗ, ಜಾಬಿರನ ತಮ್ಮ ಹಿಂದಾವಿ, ಅವನ ಕೂದಲು ಹಿಡಿದು ತಲೆಯನ್ನು ಭಟ್ಟಿಯ ಬಿಸಿ ಗೋಡೆಗೆ ಒತ್ತಿದ್ದ. ಇನ್ನೊಂದು ಕೈಯಲ್ಲಿ ಮಡಿಚುವ ಚೂರಿ ಬಿಚ್ಚಿಕೊಂಡಿತ್ತು. ಕೂದಲು ಸುಡುವ ವಾಸನೆ ಬರುತ್ತಿತ್ತು.

"ಮೊಲದ ಮನೀ ರಶ್ವಾನ್ ನಾನು ಅನ್ನು. ಅನ್ನಲೇ."

"ನಾನು ಅರಬಿ ಕಣಪ್ಪ. ನಮ್ಮಪ್ಪ ಮೀನು ಹಿಡಿಯೋನು. ತಮಾಷೆಗೆ ಅಂದೆ, ನಿನ್ನ ಕಾಲು ಹಿಡೀತೀನಿ."

ಇಷ್ಟು ವರ್ಷ ಓಡಿದವನಿಗೆ ಆ ಕತ್ತಲೆಯಲ್ಲಿ ಒಂದು ಯೋಚನೆ ಬಂತು, ಬಂದದ್ದು ಸುಳ್ಳೇನಲ್ಲ. ಈ ಚೂರಿ ಈಗ ಇಳಿದುಬಿಟ್ಟರೆ ರಶ್ವಾನ್ ಸತ್ತ ಹಾಗೆ. ಇನ್ನು ಯಾರೂ ಹುಡುಕುವುದಿಲ್ಲ. ಮದುವೆಯಾಗಬಹುದು, ಬೀದಿಯಲ್ಲಿ ನಿಂತು ನಗಬಹುದು. ಎರಡು ಕೈಯಲ್ಲೂ ಮೂಟೆಯ ಗೋಣಿಯನ್ನು ಬಿಗಿಹಿಡಿದು ಕೂತ. ಮತ್ತೊಂದು ಏಟು ಬಿತ್ತು. ಅರಬಿ ಅಳುತ್ತಲೇ ನಗಲು ಹೊರಟ, ಹೇಳಿದ ಹಾಗೆ ಕೇಳಿದರೆ ಬಿಟ್ಟಾನು ಎಂದು. ರಕ್ತ ಗಂಟಲಿಗೆ ಸಿಕ್ಕಿ ಆ ನಗು ಗೊರಗೊರ ಎಂದಿತು. ಕಾಲುವೆಯ ದಂಡೆಯ ಮೇಲೆ ಜಾಬಿರನ ಗಂಟಲಿನಿಂದ ಬಂದದ್ದು ಅದೇ ಸದ್ದು. ರಶ್ವಾನ್ ಬಾಗಿಲು ಒದ್ದು ಹೊರಗೆ ಬಂದ.

"ಬಿಡಲೇ ಅವನ್ನ. ರಶ್ವಾನ್ ನಾ ಅದೀನಿ." ಹನ್ನೆರಡು ವರ್ಷ ನುಂಗಿಟ್ಟುಕೊಂಡ ಮಾತು ತಾನಾಗಿ ಬಂತು.

ಹಿಂದಾವಿ ತಿರುಗಿ ಅಡಿಯಿಂದ ಮುಡಿಯವರೆಗೆ ನೋಡಿದ. "ಹೌದಾ? ನಗು ನೋಡೂಣು."

ರಶ್ವಾನ್ ನಕ್ಕ. ತುಟಿ ಅಗಲವಾಯಿತು, ಕೆನ್ನೆ ಎದ್ದಿತು, ಮೂಗು ಸತ್ತು ಬಿದ್ದಿತ್ತು. ಎಳೆದ, ಮೂಸುವ ಹಾಗೆ ಉಸಿರೆಳೆದ, ಕೈಯಿಂದ ಚರ್ಮವನ್ನು ಒತ್ತಿದ. ಒಂದು ಗೆರೆಯೂ ಏಳಲಿಲ್ಲ.

ಹಿಂದಾವಿ ಅರಬಿಯನ್ನು ಬಿಟ್ಟು ಬಂದು ಅವನ ಹೊಟ್ಟೆಗೆ ಒದ್ದ. "ಹೇಡಿಗಳು. ಜೈಲಿಗೂ ಬಾಡಿಗಿ ಆಳು, ಸಾಯಾಕೂ ಬಾಡಿಗಿ ಆಳು. ಎಷ್ಟು ಕೊಟ್ಟಾರಲೇ ನಿನಗ?"

"ಸೂಜಿ ಹಾಕಿಸೀನಿ. ಮೂಗು ಮಲಗೇತಿ. ನಾನ ಅದೀನಿ."

"ಸುಳ್ಳು." ಇನ್ನೊಂದು ಒದೆ ಪಕ್ಕೆಗೆ ಬಿತ್ತು. ರಶ್ವಾನ್ ಬೂದಿಯಲ್ಲಿ ಉರುಳಿದ. ಹಿಂದಾವಿ ಎದೆಯ ಮೇಲೆ ಮಂಡಿಯೂರಿ ಚೂರಿಯನ್ನು ಗಂಟಲಿಗೆ ಹಿಡಿದ. ಚರ್ಮ ಬಿಚ್ಚಿಕೊಂಡದ್ದು ರಶ್ವಾನನಿಗೆ ತಿಳಿಯಿತು.

"ನಿಮ್ಮಣ್ಣ ನೀರಿಗೆ ಬಿದ್ದಾಗ ಎಡಗಾಲಿನ ಚಪ್ಪಲಿ ತೇಲಿ ಹೋತು," ಎಂದ ರಶ್ವಾನ್. "ನಾ ನಕ್ಕೆ. ಆದ್ರ ಮೊದಲು ನಕ್ಕಾಂವ ಜಾಬಿರ್. ನೀರಾಗ ನಿಂತು ತನ್ನ ಅಂಗಿ ತಾನ ನೋಡಕೊಂಡು ನಕ್ಕ. ಮಂದಿ ಕೂಡಿದ ಮ್ಯಾಲ ಅವಗ ಸಿಟ್ಟು ಬಂತು."

ಚೂರಿ ನಿಂತಿತು. "ಹೆಂಗ ನಕ್ಕ?"

"ಸದ್ದಿಲ್ಲದಂಗ. ಬಾಯಿ ಮುಚ್ಚಿಕೊಂಡು, ಬರೇ ಹೆಗಲು ಅಲಗತಿದ್ದವು. ಸಣ್ಣಾಂವ ಇದ್ದಾಗಿಂದ ಅಂವ ಹಂಗ ನಗತಿದ್ದ."

ಹುಡುಗನ ಮುಖ ಏನೇನೋ ಆಯಿತು. ಅಣ್ಣನ ರಕ್ತ ಎಷ್ಟು ಹರಿಯಿತು, ಎಲ್ಲಿ ಹರಿಯಿತು ಎಂದು ಅವನಿಗೆ ಬಾಯಿಪಾಠ ಮಾಡಿಸಿದ್ದರು. ಅಣ್ಣ ಹೇಗೆ ನಗುತ್ತಿದ್ದ ಎಂದು ಯಾರೂ ಹೇಳಿರಲಿಲ್ಲ. ಅವನ ಹೆಗಲು ಎರಡು ಸಲ ನಡುಗಿತು. ಆಮೇಲೆ ಒಂದೇ ಏಟಿಗೆ ಚೂರಿಯನ್ನು ರಶ್ವಾನನ ಮೂಗಿನ ಮೇಲೆ ಅಡ್ಡ ಎಳೆದ. ಬಲಗಣ್ಣಿನ ಕೆಳಗಿನಿಂದ ಮೂಗಿನ ನಡುವಿನವರೆಗೆ ಮೂಳೆ ಕಾಣುವಷ್ಟು ಸೀಳಿತು. ರಶ್ವಾನ್ ಕೂಗಿದ. ರಕ್ತ ಕಣ್ಣಿಗೆ, ಬಾಯಿಗೆ ತುಂಬಿತು.

"ನಿಮ್ಮವ್ವಗ ಗುರುತು ಹತ್ತೂವಂಥಾದ್ದು ಏನೈತಿ?" ಹಿಂದಾವಿ ಏದುಸಿರು ಬಿಡುತ್ತಿದ್ದ.

ರಶ್ವಾನ್ ಸೊಂಟದಿಂದ ಶಾಲು ಬಿಚ್ಚಿದ. ಹಿಂದಾವಿ ಅದನ್ನು ಕಿತ್ತುಕೊಂಡು ಅವನ ಮುಖಕ್ಕೆ ಒತ್ತಿ ಹಿಡಿದ, ಪೂರ್ತಿ ನೆನೆಯುವ ತನಕ.

"ಕೇಳು. ನಿನ್ನ ಕಡದು ಸಮುದ್ರಕ್ಕ ಒಗದೀನಿ ಅಂತ ಊರಾಗ ಹೇಳತೀನಿ. ನಾಡಿದ್ದು ನಮ್ಮ ಮನೀ ಮುಂದ ಚಪ್ಪರ ಹಾಕತಾರ. ನಮ್ಮವ್ವ ಅಣ್ಣನ ಸಲುವಾಗಿ ಒಂದು ಸಲ ಕುಂತು ಅಳಬೇಕು, ಸಾಯೂದರೊಳಗ. ನಿಮ್ಮ ಮನೀ ಮುಂದನೂ ಚಪ್ಪರ ಏಳತೈತಿ. ನಿಮ್ಮವ್ವನೂ ಅಳತಾಳ. ಒಂದಕ್ಕ ಒಂದು, ಮುಗೀತು. ನೀ ಬದುಕೀದಿ ಅಂತ ಅಕೀಗೆ ಒಂದು ಮಾತು ಮುಟ್ಟಿದ್ರ ನಾ ಮತ್ತ ಬರಬೇಕಾಗತೈತಿ. ಆವಾಗ ನಿನ್ನ ಒಬ್ಬನ್ನ ಕಡಿಯೂದಿಲ್ಲ."

ಶಾಲನ್ನು ಮಡಿಸಿ ಅಂಗಿಯೊಳಗೆ ಇಟ್ಟುಕೊಂಡು ಅವನು ಹೋದ. ಆಗಷ್ಟೇ ಪ್ರಾರ್ಥನೆ ಮುಗಿದು ಬೀದಿಯಲ್ಲಿ ಜನರ ಚಪ್ಪಲಿ ಸದ್ದು ಕೇಳತೊಡಗಿತ್ತು.

ಭಟ್ಟಿಯ ಕಬ್ಬಿಣ ಬಡಿದು ಗಾಯವಾಯಿತೆಂದು ಇಬ್ಬರೂ ಆಸ್ಪತ್ರೆಯಲ್ಲಿ ಒಂದೇ ಸುಳ್ಳು ಹೇಳಿದರು. ಅರಬಿ ಕೆಲವು ದಿನ ಅವನ ಜೊತೆ ಮಾತು ಬಿಟ್ಟಿದ್ದ. ಉಗ್ರಾಣದ ಬಾಗಿಲು ತೆರೆಯಲು ಅಷ್ಟು ಹೊತ್ತು ಯಾಕೆ ಹಿಡಿಯಿತು ಎಂದು ಅವನು ಕೇಳಲಿಲ್ಲ. ಒಂದು ಬೆಳಗ್ಗೆ ಚಹಾದ ಲೋಟ ತಂದು ಮುಂದಿಟ್ಟು, "ಕುಡಿ ಸಬ್ರಿ, ಆರಿಹೋಗುತ್ತೆ," ಎಂದ. ಆ ಹೆಸರೇ ಉಳಿಯಿತು.

ಮೂರು ತಿಂಗಳ ಮೇಲೆ, ಹಬ್ಬದ ಹಿಂದಿನ ದಿನ ಸಬ್ರಿ ಡಾಕ್ಟರ್ ನಿಹಾಲ್ ಬಳಿಗೆ ಹೋದ. ಕೈಯಲ್ಲಿ ಒಂದು ಚೀಲ ಸಿಹಿರೊಟ್ಟಿ. ಹಬ್ಬದ ಬೆಳಗ್ಗೆ ಸಮಾಧಿಗಳ ಹತ್ತಿರ ಸತ್ತವರ ಹೆಸರಲ್ಲಿ ಹಂಚುವ ರೊಟ್ಟಿ ಅದು; ಭಟ್ಟಿಯಲ್ಲಿ ವಾರದಿಂದ ಬೇರೆ ಕೆಲಸವೇ ಇರಲಿಲ್ಲ. ಊರಲ್ಲಿ ಅವ್ವನೂ ಈ ಹೊತ್ತಿಗೆ ಹಿಟ್ಟು ನಾದಿ ಮುಚ್ಚಿಟ್ಟಿರುತ್ತಾಳೆ. ಅವಳಿಗೆ ಹೋಗಿ ಕೂರಲು ಸಮಾಧಿಯೂ ಇಲ್ಲ.

"ಯಾರೋ ನಿನ್ನ ಮೇಲೆ ಕಸಾಯಿ ಕೆಲಸ ಮಾಡಿಬಿಟ್ಟಿದ್ದಾರಲ್ಲ," ಎಂದರು ಡಾಕ್ಟರು, ಗಾಯದ ಕಲೆಯನ್ನು ಬೆರಳಿನಿಂದ ಒತ್ತಿ ನೋಡುತ್ತ. "ಇದಕ್ಕೆ ಲೇಸರ್ ನಡೆಯುತ್ತೆ, ಸ್ವಲ್ಪ ಸ್ವಲ್ಪ ಮಾಸುತ್ತೆ. ಎಲ್ಲಿ, ಮೂಗು ಸುಕ್ಕಿಸು." ಅವನ ಕೈಗೆ ಕನ್ನಡಿ ಕೊಟ್ಟರು.

ಸಬ್ರಿ ಎಳೆದ. ಬಲಗಡೆ ಕಲೆ ಅಲುಗಲಿಲ್ಲ. ಎಡಗಡೆ ಮೂರು ಗೆರೆಗಳು ಮೆಲ್ಲಗೆ ಎದ್ದವು.

"ಸೂಜಿಯ ಶಕ್ತಿ ಇಳೀತಿದೆ. ಮತ್ತೆ ಹಾಕಲಾ?"

"ಬೇಡ ಅಮ್ಮಾ. ಇರಲಿ." ಚೀಲ ಮುಂದೆ ಹಿಡಿದ. "ಒಂದು ತಗೊಳ್ಳಿ."

ಡಾಕ್ಟರು ಒಂದು ರೊಟ್ಟಿ ತೆಗೆದುಕೊಂಡು, ಈ ರೊಟ್ಟಿ ಕೊಟ್ಟವರನ್ನು ಎಲ್ಲರೂ ಕೇಳುವಂತೆ ತಾವೂ ಕೇಳಿದರು. "ಯಾರ ಹೆಸರಲ್ಲಿ?"

"ರಶ್ವಾನ್ ಅಂತ. ನಮ್ಮೂರಿನವನು."

"ದೇವರು ಅವನಿಗೆ ಕರುಣೆ ತೋರಲಿ," ಎಂದು ಅವರು ರೊಟ್ಟಿ ಮುರಿದರು. ಎಳ್ಳು ಮೇಜಿನ ಮೇಲೆ ಉದುರಿತು.

"ಆಮೀನ್," ಎಂದ ಸಬ್ರಿ. ಕನ್ನಡಿ ಇನ್ನೂ ಅವನ ಕೈಯಲ್ಲೇ ಇತ್ತು. ಎಡಗಡೆಯ ಮೂರು ಗೆರೆಗಳು ಇಳಿದಿರಲಿಲ್ಲ.